ಮೊಮ್ಮಗಳ ಓದು, ಬಡ್ಡಿಯ ಲೆಕ್ಕ

ನಮ್ಮದು ಚನ್ನಗಿರಿ ಕಡೆಯ ಅಡಿಕೆ ಸೀಮೆ. ಮಗಳನ್ನು ಕೊಟ್ಟಿರುವುದು ಜಗಳೂರಿಗೆ. ಅಲ್ಲಿ ಮಳೆ ಬಂದರೆ ಮೆಕ್ಕೆಜೋಳ, ಇಲ್ಲದಿದ್ದರೆ ಇಲ್ಲ. ಮೊಮ್ಮಗಳಿಗೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ದಿನ ಅಳಿಯ ಫೋನ್ ಮಾಡಿ, "ಮಾವ, ಒಂದೆಕರೆ ಕೊಟ್ಟುಬಿಡ್ತೀನಿ" ಅಂದರು. "ತಡೀರಿ" ಎಂದು ಮರುದಿನವೇ ಬಸ್ಸು ಹತ್ತಿದೆ.

ನನ್ನ ಕಾಲದಲ್ಲಿ ಸಾಲ ಕೊಡುವವರೇ ಇರಲಿಲ್ಲ. ಹೊನ್ನಾಳಿಯಲ್ಲಿ ವಾರಾನ್ನ ಉಂಡು ಹೈಸ್ಕೂಲು ಮುಗಿಸಿದವನು ನಾನು. ಮಕ್ಕಳೇ, ವಾರಾನ್ನ ಅಂದರೆ ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರದು. ಗುರುವಾರದ ಮನೆಯವರು ಊರಿಗೆ ಹೋದರೆ ಗುರುವಾರ ಉಪವಾಸ!

ಮೊದಲು ವಿದ್ಯಾರ್ಥಿವೇತನ ಹುಡುಕಿದೆವು, ಅದನ್ನು ತೀರಿಸಬೇಕಿಲ್ಲವಲ್ಲ. ರೈತರ ಮಕ್ಕಳಿಗೆಂದು 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಗೆ ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ, ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಯಾವುದಕ್ಕೆ ಈ ವರ್ಷ ಅರ್ಜಿ ಕರೆದಿದ್ದಾರೆ ಎಂದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು. ನ್ಯಾಮತಿಯ ನೆಂಟರ ಹುಡುಗನೊಬ್ಬ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದನ್ನೇ ಮರೆತಿದ್ದ. ಮಂಜೂರಾದ ಹಣ ವರ್ಷವಿಡೀ ಅವನ ಕೈಗೆ ಬರಲಿಲ್ಲ.

ಉಳಿದದ್ದಕ್ಕೆ ಬ್ಯಾಂಕ್ ಸಾಲ. ಸರ್ಕಾರದ ಖಾತರಿ ನಿಧಿಯಡಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡ ಇಡಬೇಕಿಲ್ಲ, ಹೆತ್ತವರು ಜೊತೆಗೆ ಸಹಿ ಹಾಕಬೇಕು ಅಷ್ಟೆ. ಇದನ್ನು ಕೇಳಿದ ಮೇಲೆಯೇ ಅಳಿಯ ಆ ರಾತ್ರಿ ಸರಿಯಾಗಿ ಉಂಡದ್ದು.

"ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟೋ ಹಾಗಿಲ್ಲ ಅಜ್ಜ" ಎಂದು ಮೊಮ್ಮಗಳು ಹಿಗ್ಗಿದಳು.

"ಕಂತಿಲ್ಲ ಮಗಾ, ಬಡ್ಡಿ ಇದೆ. ಪೆನ್ನು ತಗೋ."

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ. ಲೆಕ್ಕಕ್ಕೆ ಸುಲಭವಾಗಲಿ ಎಂದು ಶೇ 10 ಸರಳ ಬಡ್ಡಿ ಹಿಡಿದೆವು. ಮೊದಲ ವರ್ಷ 10,000, ಆಮೇಲೆ 20,000, 30,000, 40,000. ಕೆಲಸ ಹುಡುಕುವ ವರ್ಷಕ್ಕೆ ಇನ್ನೊಂದು 40,000. ಕೂಡಿದರೆ 1,40,000! ಮೊದಲ ಕಂತು ಕಟ್ಟುವ ಹೊತ್ತಿಗೆ ನಾಲ್ಕು ಲಕ್ಷ 5,40,000 ಆಗಿರುತ್ತದೆ. ಅವಳು ಎರಡು ಸಲ ಕೂಡಿ ನೋಡಿದಳು.

ಬಡ್ಡಿಯನ್ನು ಆಗಾಗಲೇ ಕಟ್ಟಿದರೆ ಬೆಟ್ಟ ಬೆಳೆಯುವುದಿಲ್ಲ. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲೂ ರಿಯಾಯಿತಿ ಕೊಡುತ್ತವೆ. ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂಪಾಯಿ. ಅವಳ ಅಜ್ಜಿ ಒಳಗಿನಿಂದಲೇ, "ಹಾಲಿನ ದುಡ್ಡಲ್ಲಿ ಅಷ್ಟು ನಾನು ಕೊಡ್ತೀನಿ" ಅಂದಳು.

ಈಗ ತಿಂಗಳ ಮೊದಲ ವಾರ ನಾನು ಹಣ ಕಟ್ಟಿ ರಸೀದಿಯ ಫೋಟೊ ಕಳಿಸಬೇಕು. ಒಂದು ದಿನ ತಡವಾದರೂ ಫೋನ್ ಬರುತ್ತದೆ: "ಅಜ್ಜ, ಮರೆತ್ಯಾ?"