ಸೆರೆಂಗೆಟಿಯ ಹುಲ್ಲುಗಾವಲು

ಆಫ್ರಿಕಾದ ಸಫಾರಿಯನ್ನು ಕುರಿತು ಬರೆಯಲು ಹೊರಟಿರುವ ನಾನು ಆಫ್ರಿಕಾವನ್ನು ಕಂಡವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಸಿಕ್ಕ ಕೆಲವು ಪುಸ್ತಕಗಳು, ಭೂಗೋಳದ ಅಧ್ಯಾಪಕರು ಬಿಡಿಸಿ ತೋರಿಸಿದ ನಕ್ಷೆ, ನನ್ನ ಪ್ರಯಾಣವೆಲ್ಲ ಇಷ್ಟೇ. ಆದರೆ ನಮ್ಮದು ಕಾಡಂಚಿನ ಹಳ್ಳಿ. ಪಿ.ಯು.ಸಿ. ಮುಗಿಯುವವರೆಗೂ ರಜೆಯ ದಿನಗಳಲ್ಲಿ ದನ ಕಾಯ್ದವನು ನಾನು. ಸಫಾರಿ ಜೀಪಿನಲ್ಲಿ ಕುಳಿತು ಹೋಗುವವರನ್ನು ದನಗಳೊಡನೆ ರಸ್ತೆಯ ಬದಿಗೆ ಸರಿದು ನಿಂತು ನೋಡಿದ್ದೇನೆ. ಆದುದರಿಂದ ಸೆರೆಂಗೆಟಿಯ ವಿಷಯವನ್ನು ಓದುವಾಗ ನನ್ನ ಕಣ್ಣು ಸಿಂಹಕ್ಕಿಂತ ಹೆಚ್ಚಾಗಿ ಹುಲ್ಲಿನ ಮೇಲೆ ಬಿದ್ದಿದ್ದರೆ ವಾಚಕರು ಮನ್ನಿಸಬೇಕು.

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಮಾತು. ಪ್ರಯಾಣ ಎಂದಷ್ಟೇ ಅದರ ಅರ್ಥ. ಅರಬ್ಬಿಯ 'ಸಫರ್' ಅದರ ಮೂಲ. ಅದೇ ಮಾತು ಉರ್ದುವಿನ ಮೂಲಕ ನಮ್ಮ ಊರುಗಳಿಗೂ ಬಂದಿದೆ. ಒಂದು ಕಾಲದಲ್ಲಿ ಬಿಳಿಯರ ಸಫಾರಿ ಎಂದರೆ ಬೇಟೆ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಪೂರ್ವ ಆಫ್ರಿಕಾಕ್ಕೆ ಹೋಗಿ, ಮಗನೊಡನೆ ಸೇರಿ ಐನೂರಕ್ಕೂ ಹೆಚ್ಚು ಮೃಗಗಳನ್ನು ಹೊಡೆದರು. ಈಗ ಬಹುಮಟ್ಟಿಗೆ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿದೆ.

ತಾಂಜಾನಿಯದ ಸೆರೆಂಗೆಟಿಗೆ ಹೋಗುವವರು ಸಾಮಾನ್ಯವಾಗಿ ಅರೂಷಾ ಪಟ್ಟಣದಿಂದ ಹೊರಡುತ್ತಾರೆ. ಪಶ್ಚಿಮಕ್ಕೆ ಸಾಗಿ, ಗೋರೊಂಗೋರೊ ಎಂಬ ಹಳೆಯ ಜ್ವಾಲಾಮುಖಿಯ ಅಂಚನ್ನು ಹತ್ತಿ ಇಳಿದರೆ ಮುಂದೆ ಬಯಲೋ ಬಯಲು. ಮಸಾಯಿ ಜನರ ಮಾತಿನಲ್ಲಿ ಸೆರೆಂಗೆಟಿ ಎಂದರೆ ಕೊನೆಯಿಲ್ಲದ ಬಯಲು ಎಂದೇ ಅರ್ಥವಂತೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇದರ ವಿಸ್ತಾರ ಈಗ 14,763 ಚದರ ಕಿಲೋಮೀಟರು. ಛಾವಣಿ ಎತ್ತಿದ ಜೀಪಿನೊಳಗೆ ನಿಂತು ನೋಡಬೇಕು, ಕೆಳಗೆ ಇಳಿಯುವಂತಿಲ್ಲ. ಮೃಗಗಳು ಓಡಾಡುವ ಬೆಳಗು ಸಂಜೆಗಳೇ ನೋಡಲು ತಕ್ಕ ಹೊತ್ತು. ಒಂದು ಸಿಂಹ ಕಂಡಿತೆಂದರೆ ಚಾಲಕರು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ; ನೋಡುನೋಡುತ್ತ ಅದರ ಸುತ್ತ ಜೀಪುಗಳ ಸಂತೆ ನೆರೆಯುತ್ತದೆ.

ಆದರೆ ಈ ಬಯಲಿನ ನಿಜವಾದ ಒಡೆಯ ಸಿಂಹವಲ್ಲ, ವಿಲ್ಡೆಬೀಸ್ಟ್. ಇದು ಜಿಂಕೆಯಂಥ ಪ್ರಾಣಿಯಾದರೂ ನೋಟಕ್ಕೆ ದನದ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ! ಹತ್ತು ಲಕ್ಷಕ್ಕೂ ಮೀರಿದ ಈ ಮಂದೆ ವರ್ಷವಿಡೀ ಮಳೆಯ ಹಿಂದೆ ಸುತ್ತುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಅದು ದಕ್ಷಿಣದ ಬಯಲಿನಲ್ಲಿರುತ್ತದೆ. ಅಲ್ಲಿಯ ನೆಲ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದಾದದ್ದು. ಕೆಳಗೆ ಗಟ್ಟಿ ಪದರವಿರುವುದರಿಂದ ಮರ ಬೇರೂರದು. ಹುಲ್ಲು ಗಿಡ್ಡ, ಆದರೆ ಸುಣ್ಣ, ರಂಜಕಗಳ ಸತ್ತ್ವ ತುಂಬಿದ್ದು. ಹಾಲೂಡುವ ತಾಯಿಗೆ ಬೇಕಾದದ್ದು ಅದೇ. ಎರಡು ಮೂರು ವಾರಗಳಲ್ಲಿ ಬಹುಪಾಲು ಕರುಗಳು ಹುಟ್ಟಿಬಿಡುತ್ತವೆ. ಹುಲ್ಲು ಒಣಗಿದಾಗ ಮಂದೆ ಪಶ್ಚಿಮಕ್ಕೆ, ಅಲ್ಲಿಂದ ಉತ್ತರಕ್ಕೆ ನಡೆದು, ಜುಲೈ ಕಳೆದ ಮೇಲೆ ಮೊಸಳೆಗಳಿರುವ ಮಾರಾ ನದಿಯನ್ನು ಹಾಯ್ದು ಕೀನ್ಯದ ಮಸಾಯಿ ಮಾರಾ ಸೇರುತ್ತದೆ. ಮಳೆ ಬಂದೊಡನೆ ಮತ್ತೆ ದಕ್ಷಿಣಕ್ಕೆ.

ನೋಡುವವರು ಇದನ್ನು ಮನುಷ್ಯನ ಕೈ ಸೋಕದ ಆದಿಕಾಲದ ದೃಶ್ಯವೆಂದು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಈ ಮಂದೆಯ ಚರಿತ್ರೆಗೂ ದನದ ಚರಿತ್ರೆಗೂ ಬಿಡದ ನಂಟು. 1880ರ ದಶಕದ ಕೊನೆಯಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ಮಾರಿ ಆಫ್ರಿಕಾದ ಈಶಾನ್ಯ ಭಾಗವನ್ನು ಹೊಕ್ಕಿತು. ಇಟಲಿಯ ಸೇನೆಗಾಗಿ ಸಾಗಿಸಿದ ದನಗಳೊಡನೆ, ಅದೂ ಭಾರತದಿಂದ ಸಾಗಿಸಿದವುಗಳೊಡನೆ, ಅದು ಬಂದಿತೆಂದು ಹಲವರು ಬರೆದಿದ್ದಾರೆ. ಮಸಾಯಿಗಳ ದನಗಳಲ್ಲಿ ಬಹುಪಾಲು ಸತ್ತವು. ಹಾಲನ್ನೇ ನಂಬಿದ್ದ ಜನ ಹಸಿವಿನಿಂದಲೂ ಸಿಡುಬಿನಿಂದಲೂ ಸತ್ತರು. ವಿಲ್ಡೆಬೀಸ್ಟುಗಳೂ ಉಳಿಯಲಿಲ್ಲ. ಆಮೇಲೆ ಬಂದ ಯುರೋಪಿನವರು ಕಂಡ ನಿರ್ಜನ ಬಯಲು ಬಹುಮಟ್ಟಿಗೆ ಈ ಮಾರಿ ಬರಿದು ಮಾಡಿಹೋದ ಬಯಲು.

ಈ ರೋಗದ ಹೆಸರನ್ನು ಪುಸ್ತಕದಲ್ಲಿ ಕಂಡ ದಿನ ನನಗೆ ನಮ್ಮ ತಾತನ ಮಾತು ನೆನಪಾಯಿತು. ಅವರು ಹುಡುಗರಾಗಿದ್ದಾಗ ಒಂದೇ ತಿಂಗಳಲ್ಲಿ ಕೊಟ್ಟಿಗೆ ಖಾಲಿಯಾಗಿತ್ತಂತೆ. ಸೂಜಿ ಹಾಕಲು ದನದ ಡಾಕ್ಟರು ಬಂದಾಗ ಊರವರು ಉಳಿದ ದನಗಳನ್ನು ಹೊಲದಾಚೆಗೆ ಅಟ್ಟಿ ಬಚ್ಚಿಟ್ಟರಂತೆ.

ಸೆರೆಂಗೆಟಿಯ ಸುತ್ತಲೂ ಇಂಥದೇ ಸೂಜಿ ಕೆಲಸ ಮಾಡಿತು. 1950ರ ಮತ್ತು 60ರ ದಶಕಗಳಲ್ಲಿ ಮಸಾಯಿಗಳ ದನಗಳಿಗೆ ಲಸಿಕೆ ಹಾಕಿದರು, ಕಾಡಿನ ಮೃಗಗಳಿಗಲ್ಲ. ದನಗಳಲ್ಲಿ ರೋಗ ನಿಂತೊಡನೆ ವಿಲ್ಡೆಬೀಸ್ಟುಗಳಲ್ಲೂ ತಾನಾಗಿ ನಿಂತಿತು. 1961ರಲ್ಲಿ ಸುಮಾರು 2,50,000 ಇದ್ದ ಮಂದೆ 1977ರ ಹೊತ್ತಿಗೆ 13,00,000ದ ಸಮೀಪಕ್ಕೆ ಬೆಳೆಯಿತು. 1970ರ ದಶಕದಲ್ಲಿ ಬೇಸಿಗೆಯ ಮಳೆ ಹೆಚ್ಚಾದುದೂ ನೆರವಾಯಿತೆನ್ನಿ. ಅಷ್ಟು ಬಾಯಿಗಳು ಹುಲ್ಲು ಮೇಯ್ದದ್ದರಿಂದ ಕಾಳ್ಗಿಚ್ಚು ಕಡಮೆಯಾಗಿ ಮರಗಳೂ ಚಿಗುರಿದವು. 2011ರಲ್ಲಿ ಈ ರೋಗ ಜಗತ್ತಿನಿಂದಲೇ ತೊಲಗಿತೆಂದು ಸಾರಲಾಯಿತು.

ವಿಪರ್ಯಾಸವೆಂದರೆ, ಲಸಿಕೆಯ ಈ ವರ್ಷಗಳಲ್ಲಿಯೇ, 1959ರಲ್ಲಿ, ಮಸಾಯಿಗಳು ದನಗಳೊಡನೆ ಸೆರೆಂಗೆಟಿಯನ್ನು ಬಿಡಬೇಕಾಯಿತು. ಮೋರು ಎಂಬಲ್ಲಿಯ ಬಂಡೆಗಳ ಮೇಲೆ ಅವರು ಬಿಡಿಸಿದ ಗುರಾಣಿಗಳ ಚಿತ್ರಗಳನ್ನು ಪ್ರವಾಸಿಗರಿಗೆ ಇಂದಿಗೂ ತೋರಿಸುತ್ತಾರೆ. ಬದಲಿಗೆ ಗೋರೊಂಗೋರೊ ಪ್ರದೇಶದಲ್ಲಿ ಮೃಗಗಳೂ ಜನರೂ ಕೂಡಿ ಬಾಳಬಹುದೆಂದು ಏರ್ಪಾಡಾಯಿತು. 1970ರ ದಶಕದಲ್ಲಿ ಜ್ವಾಲಾಮುಖಿಯ ಕುಳಿಯೊಳಗಿನ ವಾಸವೂ ಬೇಸಾಯವೂ ನಿಂತವು. 2022ರಿಂದ ಅನೇಕ ಕುಟುಂಬಗಳನ್ನು ದೂರದ ಮ್ಸೊಮೆರಾಕ್ಕೆ ಸಾಗಿಸಲಾಗಿದೆ. ಜನ ಲಕ್ಷದ ಹತ್ತಿರಕ್ಕೆ ಬೆಳೆದರು, ಹೋಗುವವರು ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾರೆ ಎಂದು ಸರ್ಕಾರ ಹೇಳುತ್ತದೆ. ಹಾಗಲ್ಲವೆಂದು ಮಸಾಯಿಗಳಲ್ಲಿ ಹಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಉದ್ಯಾನವಿಲ್ಲದಿದ್ದರೆ ಅಷ್ಟು ದೊಡ್ಡ ಮಂದೆಗೆ ನಡೆಯಲು ನೆಲವೇ ಉಳಿಯುತ್ತಿರಲಿಲ್ಲವೇನೋ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಮೃಗಗಳಿಗೆ ದನಗಾಹಿ ಶತ್ರುವೆಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ. ವಿಲ್ಡೆಬೀಸ್ಟಿನ ಎಳೆಗರುಗಳಿಂದ ದನಗಳಿಗೆ ಕೊಲ್ಲುವ ಜ್ವರ ಅಂಟುತ್ತದೆಂಬುದನ್ನು ಮಸಾಯಿಗಳು ತಲೆಮಾರುಗಳಿಂದ ಬಲ್ಲರು. ಕರು ಹಾಕುವ ತಿಂಗಳುಗಳಲ್ಲಿ ಒಳ್ಳೆಯ ಹುಲ್ಲನ್ನು ಮೃಗಗಳಿಗೇ ಬಿಟ್ಟು ತಮ್ಮ ದನಗಳನ್ನು ದೂರಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ತಾತನಿಗೆ ಹೇಳಿದೆ. ಜಗಲಿಯ ಮೇಲೆ ಕುಳಿತು ಸಾವಧಾನವಾಗಿ ಕೇಳಿದರು. ಸಿಂಹದ ಮಾತನ್ನು ಅವರು ಎತ್ತಲೇ ಇಲ್ಲ.

"ಅದೆಲ್ಲ ಸರಿ ಮಗ, ಈಗ ಆ ಜನ ದನಕ್ಕೆ ನೀರು ಎಲ್ಲಿ ಕುಡಿಸ್ತಾರೆ?" ಎಂದರು.