‘ಸ್ಯಾವಿ’ ಅಂದ್ರೆ ಬರೀ ಬುದ್ಧಿವಂತ ಅಲ್ಲ

ಬಯೋಡೇಟಾದಲ್ಲಿ ‘ಟೆಕ್-ಸ್ಯಾವಿ’ ಅಂತ ಬರ್ಕೊಂಡಿದ್ದೀರಾ? ಸರಿ, ಈ ‘ಸ್ಯಾವಿ’ ಎಲ್ಲಿಂದ ಬಂತು ಗೊತ್ತಾ?

ಇಂಗ್ಲೆಂಡಿನ ಕಾಲೇಜಿಂದಂತೂ ಅಲ್ಲ. 18ನೇ ಶತಮಾನದ ಕೊನೆಗೆ, ವೆಸ್ಟ್ ಇಂಡೀಸ್ ಕಡೆಯ ಬೆರಕೆ ಮಾತಿನಿಂದ. ಬೇರೆ ಬೇರೆ ಭಾಷೆಯವರು ಸೇರಿದಾಗ ವ್ಯವಹಾರ ನಡೀಬೇಕಲ್ಲ, ಹಾಗೆ ಹುಟ್ಟಿದ ಮಾತು. ಪೋರ್ಚುಗೀಸ್, ಸ್ಪ್ಯಾನಿಷ್‌ನಲ್ಲಿ ‘ಸಾಬೆ’ ಅಂದ್ರೆ ‘ಅವನಿಗೆ ಗೊತ್ತು’. ಅದೇ ಇಂಗ್ಲಿಷರ ಬಾಯಲ್ಲಿ ಸ್ಯಾವಿ ಆಯ್ತು. ಇನ್ನೂ ಹಿಂದಕ್ಕೆ ಹೋದ್ರೆ ಲ್ಯಾಟಿನ್ನಿನ ‘ಸಪೆರೆ’ ಸಿಗುತ್ತೆ. ರುಚಿ ನೋಡೋದು, ತಿಳಿಯೋದು, ಎರಡಕ್ಕೂ ಅದೇ ಪದ. ‘ಹೋಮೋ ಸೇಪಿಯನ್ಸ್’ನ ಸೇಪಿಯನ್ಸ್ ಕೂಡ ಇದೇ ಮನೆತನದ್ದು!

2003ರಲ್ಲಿ ಬಂದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ನೋಡಿದ್ದೀರಾ? ಜ್ಯಾಕ್ ಸ್ಪ್ಯಾರೋ ಮಾತು ಮುಗಿಸಿ ‘ಸ್ಯಾವಿ?’ ಅಂತಾನಲ್ಲ, ಅದು ಹಳೇ ಬಳಕೆ. ‘ತಿಳೀತಾ?’ ಅಂತ ಕೇಳ್ತಿದ್ದಾನೆ ಅಷ್ಟೆ.

ಈಗಿನ ಅರ್ಥ ಬೇರೆ: ಒಂದು ಕ್ಷೇತ್ರದ ಒಳಸುಳಿ ಬಲ್ಲವರು. ಜಾಹೀರಾತಿಗೆ ಮರುಳಾಗದೆ, ಕಂಪನಿಯ ಲೆಕ್ಕಪತ್ರ ಓದಿ ಷೇರು ಕೊಳ್ಳೋರು ‘ಸ್ಯಾವಿ ಇನ್ವೆಸ್ಟರ್’. ಯಾವ ಮಾತನ್ನ ಯಾವಾಗ ಆಡಬೇಕು ಅಂತ ಬಲ್ಲ ರಾಜಕಾರಣಿಗೆ ‘ಪೊಲಿಟಿಕಲ್ ಸ್ಯಾವಿ’ ಇದೆ ಅಂತಾರೆ. ಇಲ್ಲಿ ಅದು ನಾಮಪದ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರನ್ನ ಸ್ಯಾವಿ ಅನ್ನಬೇಡಿ, ಅವರು ‘ಬ್ರಿಲಿಯಂಟ್’. ಪಕ್ಕದವರಿಗೆ ಟೋಪಿ ಹಾಕೋರೂ ಸ್ಯಾವಿ ಅಲ್ಲ, ಅದು ‘ಕನ್ನಿಂಗ್’.

ಇಬ್ಬರನ್ನ ಹೋಲಿಸಬೇಕಾ? ‘ಸ್ಯಾವಿಯರ್’ ಅನ್ನಿ. ಹಾಂ, ಬರೆಯುವಾಗ ಸ್ಪೆಲಿಂಗ್‌ನಲ್ಲಿ ‘ವಿ’ ಎರಡು.