ಟಬ್ ಹೋಗಲಿ, ಬಚ್ಚಲು ಬರಲಿ

ಕ್ಯಾರವಾನ್‌ನ ಇಕ್ಕಟ್ಟಾದ ಸ್ನಾನದ ಮೂಲೆಯನ್ನು ನೆಟ್ಟಗೆ ಮಾಡುವ ದಾರಿಯನ್ನು ಕಾಸರಗೋಡಿನ ಹಳೆಯ ಮನೆಗಳಿಂದಲೇ ಕಲಿಯಬಹುದು

ಕೇರಳ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ‘ಕೆರವಾನ್ ಕೇರಳ’ ಹೆಸರಿನ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಅದು ಹೇಳುವ ವಾಹನದಲ್ಲಿ ಮಡಚಿದರೆ ಸೋಫಾ, ಬಿಡಿಸಿದರೆ ಹಾಸಿಗೆ. ಜೊತೆಗೆ ಫ್ರಿಜ್ಜು, ಮೈಕ್ರೋವೇವ್ ಒಲೆ, ಊಟದ ಮೇಜು, ಶೌಚದ ಗೂಡು. ಬೇಕಲದ ಕೋಟೆಯನ್ನೋ ರಾಣಿಪುರದ ಗುಡ್ಡವನ್ನೋ ನೋಡಿ ವಾಹನದಲ್ಲೇ ಮಲಗಿ ಏಳುವ ಪ್ರವಾಸಕ್ಕೆ ಅಂದಿನಿಂದ ಸರ್ಕಾರದ ಬೆಂಬಲವೂ ಇದೆ. ಆದರೆ ಇಂಥ ವಾಹನಗಳನ್ನು ವರ್ಣಿಸುವಾಗ ಹಾಸಿಗೆ, ಅಡುಗೆಮನೆಯ ಸೊಗಸೇ ಮೊದಲು ಬರುತ್ತದೆ. ಸ್ನಾನದ ಜಾಗದ ಮಾತು ಕೊನೆಗೆ. ನಮ್ಮ ಕರಾವಳಿಯ ಸೆಕೆಗೆ ದಿನಕ್ಕೆ ಎರಡು ಸಲ ಮೀಯುವ ಮನೆಮಂದಿಗೆ ಈ ಕ್ರಮ ತಲೆಕೆಳಗಾದದ್ದು. ಬೆಳಗ್ಗೆ ಎದ್ದ ಅಜ್ಜಿಗೆ ಮೊಣಕೈ ತಾಗದೆ, ಕಾಲು ಜಾರದೆ ಎರಡು ಚೊಂಬು ಬಿಸಿನೀರು ಹೊಯ್ದುಕೊಳ್ಳಲು ಆಗದಿದ್ದರೆ ಉಳಿದ ಸೌಕರ್ಯವೆಲ್ಲ ಇದ್ದೂ ಇಲ್ಲದಂತೆ.

ಟಬ್ ಯಾಕೆ ಬಂತು?

ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ ಅಮೆರಿಕದಲ್ಲಿ 1930ರ ದಶಕದಲ್ಲಿ ಜನಪ್ರಿಯವಾಯಿತು. ಏರ್‌ಸ್ಟ್ರೀಮ್ ಕಂಪೆನಿಯ ‘ಕ್ಲಿಪ್ಪರ್’ ಟ್ರೇಲರ್ ಬಂದದ್ದು 1936ರಲ್ಲಿ. ಇಂದು ಅಲ್ಲಿನ ಹಲವು ಟ್ರೇಲರ್‌ಗಳಲ್ಲಿ ಸುಮಾರು 61 ಸೆಂಟಿಮೀಟರ್ ಅಗಲ, 91 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಟಬ್ ಒಂದನ್ನು ಮೂಲೆಯಲ್ಲಿ ಕೂರಿಸಿ, ಅದರೊಳಗೆ ನಿಂತು ಷವರ್ ಹಿಡಿಯುವ ವ್ಯವಸ್ಥೆ ಇರುತ್ತದೆ. ಚಿಕ್ಕ ಮಕ್ಕಳನ್ನು ಕೂರಿಸಿ ಮೀಯಿಸಲು ಅದು ಅನುಕೂಲ. ದೊಡ್ಡವರಿಗೆ ಮಾತ್ರ ಶಿಕ್ಷೆ. ಟಬ್ಬಿನ ಗೋಡೆ ಓರೆಯಾಗಿರುವುದರಿಂದ ಪಾದ ಊರುವ ತಳ ಮೇಲಿನ ಬಾಯಿಗಿಂತ ಕಿರಿದು. ಚಕ್ರದ ಗೂಡನ್ನೋ ಕೊಳವೆಯ ಬಾಗನ್ನೋ ಮುಚ್ಚಲು ಟಬ್ಬನ್ನು ನೆಲದಿಂದ ಎತ್ತರಿಸಿ ಕೂರಿಸಿದ್ದರೆ ತಲೆ ಚಾವಣಿಗೆ ತಾಗುತ್ತದೆ. ಅಂಚು ದಾಟಲು ಮೊಣಕಾಲಿನ ಎತ್ತರಕ್ಕೆ ಕಾಲೆತ್ತಬೇಕು. ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಆ ಕ್ಷಣ ವಯಸ್ಸಾದವರಿಗೆ ಅಪಾಯದ್ದು.

ಅಮೆರಿಕದಲ್ಲಿ ನೆಲೆಸಿದ ನಮ್ಮವರು ಹಳೆಯ ಟ್ರೇಲರ್ ಕೊಂಡರೆ ಈ ಟಬ್ ಎದುರಾಗುತ್ತದೆ. ಇಲ್ಲಿ ಟೆಂಪೋ ಟ್ರಾವೆಲರನ್ನೋ ಬಸ್ಸನ್ನೋ ಕ್ಯಾರವಾನ್ ಮಾಡಿಸುವವರು ಅಲ್ಲಿನ ಚಿತ್ರ ನೋಡಿ ಅದೇ ಮಾದರಿ ಕೇಳುವುದೂ ಉಂಟು. ಇಬ್ಬರಿಗೂ ಹೇಳಬೇಕಾದ ಮಾತು ಒಂದೇ: ಇಕ್ಕಟ್ಟಾದ ಜಾಗದಲ್ಲಿ ಟಬ್ ಬೇಡ, ನೆಲವನ್ನೇ ಬಚ್ಚಲು ಮಾಡಿ.

ಮುರಕಲ್ಲಿನ ಮನೆಯ ಪಾಠ

ಕಾಸರಗೋಡಿನ ಹಳೆಯ ಮನೆಗಳ ಬಚ್ಚಲು ಕೋಣೆಯನ್ನು ನೆನಪಿಸಿಕೊಳ್ಳಿ. ಒಲೆಯ ಮೇಲೆ ಹಂಡೆ. ಅದರ ಕೆಳಗೆ ತೆಂಗಿನ ಮಡಲು, ಸಿಪ್ಪೆಯ ಬೆಂಕಿ. ಪಕ್ಕದಲ್ಲಿ ತಣ್ಣೀರು, ಕೂರಲು ಮಣೆ ಅಥವಾ ಕಲ್ಲು. ನೆಲ ಒಂದೇ ಕಡೆಗೆ ಇಳಿಜಾರು. ನೀರು ಗೋಡೆಯ ತೂತಿನಿಂದ ಹೊರಗಿನ ಬಾಳೆಬುಡಕ್ಕೆ. ದೀಪಾವಳಿಯ ನೀರು ತುಂಬುವ ದಿನ ಹಂಡೆಗೆ ಬಳ್ಳಿ ಸುತ್ತಿ ಪೂಜಿಸುವಷ್ಟು ಈ ಜಾಗಕ್ಕೆ ಗೌರವ ಇತ್ತು. ಒಳಗೆ ದಾಟಬೇಕಾದ ಅಂಚಿಲ್ಲ, ಬಾಗಿಲಿನಿಂದ ಗೋಡೆಯ ತೂತಿನವರೆಗೆ ಒಂದೇ ನೆಲ. ಕೂತು ಮೀಯುವುದರಿಂದ ಜಾರುವ ಭಯ ಕಡಿಮೆ, ಚಾವಣಿಯ ಎತ್ತರವೂ ಮುಖ್ಯವಲ್ಲ.

ಇಳಿಜಾರು ನೆಲ, ಕೂರುವ ಆಸನ, ಅಳತೆಯ ನೀರು, ನೀರಿಗೆ ಗೊತ್ತಾದ ದಾರಿ. ಈ ನಾಲ್ಕನ್ನೂ ಒಂದು ಮೀಟರ್ ಉದ್ದಗಲದ ಗೂಡಿಗೆ ಇಳಿಸಬಹುದು. ಮರೆಯ ಪರದೆ ಎಳೆದರೆ ಶೌಚದ ಜಾಗ ಮತ್ತು ಸ್ನಾನದ ಜಾಗ ಒಂದೇ ನೆಲವನ್ನು ಹಂಚಿಕೊಳ್ಳುತ್ತವೆ. ಎರಡಕ್ಕೂ ಪ್ರತ್ಯೇಕ ಚೌಕ ಕೊಯ್ದು ಎರಡನ್ನೂ ಇಕ್ಕಟ್ಟು ಮಾಡುವ ಅಗತ್ಯ ಬೀಳುವುದಿಲ್ಲ.

ಕೀಳುವ ಮೊದಲು

ಹಳೆಯ ಟಬ್ಬನ್ನು ಕೀಳುವ ಮುನ್ನ ವಾಹನದ ಅಡಿಗೆ ಹೋಗಿ ನೋಡಬೇಕು. ಟಬ್ಬನ್ನು ಎತ್ತರಿಸಿರುವುದು ಚಕ್ರದ ಗೂಡಿಗಾಗಿಯೇ ಆಗಿದ್ದರೆ ನೆಲವನ್ನು ಪೂರ್ತಿ ತಗ್ಗಿಸಲು ಆಗದು. ಆ ಗೂಡನ್ನೇ ಕೂರುವ ಕಟ್ಟೆಯಾಗಿ ಬಳಸಿಕೊಳ್ಳುವುದು ಜಾಣತನ. ಕೊಳವೆಯ ಬಾಗಿಗಾಗಿ ಆಗಿದ್ದರೆ, ನೀರು ನಿಲ್ಲದೆಯೇ ವಾಸನೆ ತಡೆಯುವ ರಬ್ಬರ್ ನಾಲಗೆಯ ಕವಾಟವನ್ನು ಅಡ್ಡಲಾಗಿ ಜೋಡಿಸಿ ಎತ್ತರ ಉಳಿಸಬಹುದು. ಟಬ್ಬಿನ ಬದಲಿಗೆ ನೆಲಕ್ಕೆ ಕೂರಿಸುವ ಸಿದ್ಧ ತಟ್ಟೆ ಕೊಳ್ಳುವವರು ನೀರಿನ ತೂತು ಎಡಕ್ಕಿದೆಯೋ ಬಲಕ್ಕೋ ನಡುವಿಗೋ ಎಂದು ಅಳೆದುಕೊಳ್ಳಬೇಕು. ವಾಹನದ ಬಾಗಿಲಿನ ಅಗಲವನ್ನೂ ಮರೆಯದೆ ಅಳೆಯಬೇಕು. ಒಳಗೆ ಕೂರುವ ತಟ್ಟೆ ಬಾಗಿಲಲ್ಲಿ ತೂರದೆ ಹೋಗಬಹುದು.

ಟಬ್ ಎದ್ದ ಮೇಲೆ ಕೆಳಗಿನ ಪ್ಲೈವುಡ್ಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಮರ ಕೊಳೆತಿದೆ ಎಂದೇ ಅರ್ಥ. ತೆಳು ಪ್ಲಾಸ್ಟಿಕ್ ಟಬ್ ಅಡಿಯಲ್ಲಿ ಆಧಾರವಿಲ್ಲದೆ ತುಳಿದಾಗಲೆಲ್ಲ ಕುಗ್ಗಿ, ಕೊನೆಗೆ ಸೀಳಿ, ಕಣ್ಣಿಗೆ ಕಾಣದಂತೆ ಸೋರುತ್ತಿರುತ್ತದೆ. ಕೊಳೆತ ಭಾಗವನ್ನು ಕತ್ತರಿಸಿ ಮರೈನ್ ಪ್ಲೈವುಡ್ ಹಾಕದೆ ಮೇಲೆ ಏನು ಕೂರಿಸಿದರೂ ಹಣ ನೀರಿಗೆ ಹಾಕಿದಂತೆ.

ಕಾನೂನಿನ ಎಚ್ಚರವೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಪಕ್ಕದ ಕಣ್ಣೂರಿನಲ್ಲಿ 2021ರ ಆಗಸ್ಟ್‌ನಲ್ಲಿ ಬದಲಾವಣೆ ಮಾಡಿದ ಪ್ರವಾಸಿ ವ್ಯಾನೊಂದನ್ನು ಸಾರಿಗೆ ಇಲಾಖೆ ವಶಕ್ಕೆ ತೆಗೆದುಕೊಂಡ ಸುದ್ದಿ ಇಡೀ ಕೇರಳದಲ್ಲಿ ಚರ್ಚೆಯಾಯಿತು. ಚಾವಣಿ ಕೊರೆಯುವ, ಭಾರ ಹೆಚ್ಚಿಸುವ ಕೆಲಸವಿದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ದೋಣಿಯವರ ಕೈಕೆಲಸ

ಮನೆಯ ಬಚ್ಚಲಿನಂತೆ ವಾಹನಕ್ಕೆ ಟೈಲ್ಸ್ ಹಾಕಿಸುವುದು ತಪ್ಪು. ಭಾರ ಹೆಚ್ಚು, ರಸ್ತೆಯ ಕುಲುಕಾಟಕ್ಕೆ ಸಂದು ಬಿರಿದು ನೀರು ಇಳಿಯುತ್ತದೆ. ಇಲ್ಲಿ ಬೇಕಾದದ್ದು ಫೈಬರ್ ಗ್ಲಾಸ್. ಆ ಕೆಲಸ ಬಲ್ಲವರು ನಮ್ಮ ಕರಾವಳಿಯಲ್ಲೇ ಇದ್ದಾರೆ, ಮೀನುಗಾರಿಕೆಯ ಫೈಬರ್ ದೋಣಿಗಳನ್ನು ಕಟ್ಟುವ, ದುರಸ್ತಿ ಮಾಡುವ ಕುಶಲಕರ್ಮಿಗಳು. ಪ್ಲೈವುಡ್ ನೆಲದ ಮೇಲೆ ಗಾಜಿನ ನಾರಿನ ಹಾಸು, ಅದಕ್ಕೆ ರಾಳ, ಮೇಲೆ ಜೆಲ್‌ಕೋಟ್. ಗೋಡೆಗೆ ಹತ್ತು ಹದಿನೈದು ಸೆಂಟಿಮೀಟರ್ ಏರುವಂತೆ ಮೂಲೆಗಳನ್ನು ದುಂಡಗೆ ತಿರುಗಿಸಿದರೆ ಒಂದೂ ಸಂದಿಲ್ಲದ ತಟ್ಟೆ ಸಿದ್ಧ. ಕಡಲ ಅಲೆಯ ಹೊಡೆತ ತಡೆಯುವ ಕೆಲಸಗಾರಿಕೆಗೆ ರಸ್ತೆಯ ಕುಲುಕಾಟ ಲೆಕ್ಕಕ್ಕಿಲ್ಲ. ಜೆಲ್‌ಕೋಟ್ ನಯವಾಗಿ ಜಾರುವುದರಿಂದ ಕಾಲಿಡುವ ಕಡೆ ಸಣ್ಣ ಮರಳು ಬೆರೆಸಿ ಒರಟು ಮಾಡಿಸಬೇಕು.

ಇಳಿಜಾರಿನ ವಿಷಯದಲ್ಲಿ ವಾಹನಕ್ಕೂ ಮನೆಗೂ ವ್ಯತ್ಯಾಸ ಇದೆ. ಐವತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಇಳಿತ ಮನೆಯಲ್ಲಿ ಸಾಕು. ಆದರೆ ರಾಣಿಪುರದ ದಾರಿಯ ಏರಿನಲ್ಲಿ ವಾಹನ ನಿಲ್ಲಿಸಿದರೆ ಆ ಇಳಿತವೇ ತಿರುಗಿ ನೀರು ಬಾಗಿಲಿಗೆ ಬಂದೀತು. ಎದುರುಬದುರು ಮೂಲೆಗಳಲ್ಲಿ ಎರಡು ತೂತು ಇಟ್ಟು, ಬಾಗಿಲಲ್ಲಿ ನಾಲ್ಕು ಬೆರಳಿನ ಹೊಸ್ತಿಲು ಕಟ್ಟಿಸಿ. ಹೊಸ್ತಿಲು ದಾಟುವುದು ಯಾರಿಗೂ ಕಷ್ಟವಲ್ಲ.

ಮೊಣಕೈಗೂ ಜಾಗ

ಟಬ್ ತೆಗೆಯಲಾಗದಿದ್ದವರು ನಿರಾಶರಾಗಬೇಕಿಲ್ಲ. ಪರದೆಯ ನೇರ ಸರಳನ್ನು ಹೊರಕ್ಕೆ ಬಾಗಿದ ಸರಳಿಗೆ ಬದಲಿಸಿದರೆ ಮೈಗೆ ಅಂಟುವ ಪರದೆ ದೂರ ಸರಿದು ಭುಜಕ್ಕೆ ಜಾಗ ಸಿಗುತ್ತದೆ. ಸಾಬೂನಿನ ಗೂಡನ್ನು ಗೋಡೆಯೊಳಗೆ ಕೊರೆಸಿ. ಮಡಚುವ ಆಸನ, ಹಿಡಿಯುವ ಕೋಲು ಹಾಕುವಾಗ ತೆಳು ಗೋಡೆಯ ಹಿಂದೆ ದಪ್ಪ ಪ್ಲೈವುಡ್ಡಿನ ಆಧಾರ ಕೊಡಲೇಬೇಕು. ಇಲ್ಲದಿದ್ದರೆ ಹಿಡಿದ ಕೋಲು ಕೈಗೇ ಬರುತ್ತದೆ. ಚಾವಣಿಯಲ್ಲಿ ಗಾಳಿ ಹೊರದೂಡುವ ಫ್ಯಾನು ಕಡ್ಡಾಯ. ಆಟಿ ತಿಂಗಳ ಮಳೆಯಲ್ಲಿ ಒಣಗದ ಗೂಡಿಗೆ ಬೂಸ್ಟು ಹಿಡಿಯಲು ವಾರ ಬೇಕಿಲ್ಲ.

ಒಂದು ಬಾಲ್ದಿಯ ಲೆಕ್ಕ

ವಾಹನದ ಟ್ಯಾಂಕಿನಲ್ಲಿ ಹೊರುವ ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. ನಿಮಿಷಕ್ಕೆ ಎಂಟು ಲೀಟರ್ ಸುರಿಯುವ ಷವರಿನಡಿ ಐದು ನಿಮಿಷ ನಿಂತರೆ ನಲವತ್ತು ಲೀಟರ್ ಖಾಲಿ. ಮೂರನೆಯವರಿಗೆ ನೀರು ಸಾಲದು. ಬಾಲ್ದಿ ಮತ್ತು ಚೊಂಬಿನಲ್ಲಿ ಹದಿನೆಂಟು ಲೀಟರ್‌ಗೆ ತೃಪ್ತಿಯ ಸ್ನಾನ ಆಗುತ್ತದೆ. ಬಿಸಿನೀರು ಬರುವವರೆಗೆ ತಣ್ಣೀರನ್ನು ಚೆಲ್ಲುವ ನಷ್ಟವೂ ಇಲ್ಲ, ಅದು ಬಾಲ್ದಿಗೇ ಬೀಳುತ್ತದೆ. ಬಾಲ್ದಿ ಇಡಲೂ ಜಾಗವಿಲ್ಲದಿದ್ದರೆ ಹಿಡಿಯಲ್ಲೇ ಗುಂಡಿಯಿರುವ ಕೈ ಷವರ್ ಹಾಕಿ, ಮೈ ನೆನೆಸಿ, ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ತೊಳೆಯುವುದು. ಹಡಗಿನ ನಾವಿಕರ ಕ್ರಮ ಇದು.

ಹತ್ತು ಲೀಟರಿನ ಗೀಸರ್ ಸಾಕು. 60 ಡಿಗ್ರಿಯ ಹತ್ತು ಲೀಟರಿಗೆ 28 ಡಿಗ್ರಿಯ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ಇಪ್ಪತ್ತಾರು ಲೀಟರ್ ಸಿಗುತ್ತದೆ. ಗ್ಯಾಸ್ ಗೀಸರನ್ನು ಮಾತ್ರ ಸ್ನಾನದ ಗೂಡಿನೊಳಗೆ ಎಂದಿಗೂ ಇಡಬೇಡಿ. ಮುಚ್ಚಿದ ಜಾಗದಲ್ಲಿ ಅದು ಹುಟ್ಟಿಸುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ. ವಿದ್ಯುತ್ ಗೀಸರಿಗೆ, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ.

ನೀರಿನ ಈ ಮಿತವ್ಯಯ ನಮಗೆ ಹೊಸತಲ್ಲ. ಬಾಯಾರು, ಪಡ್ರೆ ಕಡೆಯ ಮನೆಗಳು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಸಣ್ಣಗೆ ಹರಿದುಬರುವ ನೀರನ್ನು ಅಡಿಕೆ ಮರದ ದಂಬೆಯಲ್ಲಿ ತಂದು, ಹೊಂಡದಲ್ಲಿ ಕೂಡಿಟ್ಟು ಬಾಳಿದವು. ಇದ್ದಷ್ಟೇ ನೀರು ಎಂಬ ಅರಿವಿನಿಂದ ಬದುಕಿದ ಊರು ಇದು.

ಬಳಸಿದ ನೀರು ಎಲ್ಲಿಗೆ?

ಕೇರಳದ 44 ನದಿಗಳಲ್ಲಿ 12 ಕಾಸರಗೋಡಿನಲ್ಲೇ ಹರಿಯುತ್ತವೆ. ವಾಹನದ ಅಡಿಯ ಟ್ಯಾಂಕಿನ ಸಾಬೂನು ನೀರನ್ನು ಬೇಕಲದ ಮರಳಿಗೋ ವಲಿಯಪರಂಬದ ಹಿನ್ನೀರಿಗೋ ಬಿಡುವುದು ಅನ್ಯಾಯ. ಮುರಕಲ್ಲಿನಲ್ಲಿ ನೀರು ಬೇಗ ಇಳಿಯುತ್ತದೆ, ಬಾವಿಗಳು ಪಕ್ಕದಲ್ಲೇ ಇರುತ್ತವೆ. ಸ್ನಾನದ ಟ್ಯಾಂಕು ಶೌಚದ ಟ್ಯಾಂಕಿನಿಂದ ಬೇರೆಯೇ ಇರಲಿ. ಆತಿಥೇಯರ ಒಪ್ಪಿಗೆ ಪಡೆದು, ಬಾವಿಯಿಂದ ದೂರದ ಬಾಳೆಗುಂಡಿಗೆ ಬಿಡುವುದು ಒಂದು ದಾರಿ. ಶೌಚದ್ದು ಸಂಸ್ಕರಣೆ ಇರುವಲ್ಲಿಗೇ ಹೋಗಬೇಕು.

ಕೇರಳದ ನೀತಿಯಲ್ಲಿ ಕ್ಯಾರವಾನ್ ಪಾರ್ಕಿಗೆ ಕನಿಷ್ಠ 50 ಸೆಂಟ್ಸ್ ಜಾಗ, ಐದು ವಾಹನಗಳ ನಿಲುಗಡೆ ಬೇಕು. ನಮ್ಮ ಜಿಲ್ಲೆಯ ತೋಟದ ಒಡೆಯರು ಪಾರ್ಕು ಕಟ್ಟುವ ಯೋಚನೆ ಮಾಡಿದರೆ ಮೊದಲ ಖರ್ಚು ನಾಲ್ಕು ಒಳ್ಳೆಯ ಬಚ್ಚಲಿಗೆ ಆಗಲಿ: ಹಂಡೆಯ ಬಿಸಿನೀರು, ಒರಟು ನೆಲ, ಕೂರುವ ಕಲ್ಲು, ಬಾಳೆಗೆ ಹೋಗುವ ಕಾಲುವೆ. ಆಗ ವಾಹನದೊಳಗಿನ ಗೂಡು ತುರ್ತಿಗಷ್ಟೇ ಸಾಕು, ಅದನ್ನು ಇನ್ನೂ ಚಿಕ್ಕದಾಗಿ, ಹಗುರಾಗಿ ಕಟ್ಟಬಹುದು. ಕ್ಯಾರವಾನ್ ಬಾಡಿಗೆಗೆ ಹಿಡಿಯುವವರೂ ಹಾಸಿಗೆಯ ಅಳತೆ ಕೇಳುವ ಮೊದಲು ಬಾಗಿಲು ತೆರೆಸಿ ಬಚ್ಚಲಲ್ಲಿ ಒಮ್ಮೆ ಕೂತು ನೋಡಲಿ. ಮನೆಯ ಹಿರಿಯರು ಅಲ್ಲಿ ನಿರಾಳವಾಗಿ ಮೀಯಬಲ್ಲರು ಎನಿಸಿದರೆ ಮಾತ್ರ ಮುಂಗಡ ಕೊಡಲಿ.